ಮಹಾಲಿಂಗಣ್ಣನ ಅಂಗಳದ ಆಕಾಶಗಂಗೆ

ಕಬಕ ಜಂಕ್ಷನ್ನಿನಿಂದ ವಿಟ್ಲದ ಕಡೆಗೆ ಸ್ವಲ್ಪ ನಡೆದರೆ ಮೊದಲು ಸಿಗುವುದು ಮಹಾಲಿಂಗನ ಮನೆ, ಅದಕ್ಕೆ ತಾಗಿಕೊಂಡದ್ದು ಮೊಯ್ದೀನನ ಮನೆ. ನಡುವೆ ಎದೆಮಟ್ಟದ ಕಲ್ಲಿನ ಕಾಂಪೌಂಡು. ಈ ಕಥೆಗೆ ಇಷ್ಟು ಭೂಗೋಳ ಸಾಕು, ಉಳಿದದ್ದೆಲ್ಲ ಖಗೋಳ.

ಮಹಾಲಿಂಗನಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿಯೊಂದು ಇತ್ತು, ಮನೆಯ ಹಿಂದೆ ಸ್ವಲ್ಪ ಅಡಿಕೆ ಇತ್ತು, ಮನೆಯ ಎದುರು ಜಗಲಿ ಇತ್ತು. ಹೊಟ್ಟೆಗೆ ಮೊದಲಿನವೆರಡು, ಮಾನಕ್ಕೆ ಜಗಲಿ. ಆ ಜಗಲಿಯಲ್ಲಿ ಅವನ ಅಪ್ಪನ ಕಾಲದ ಹಲಸಿನ ಬೆಂಚೊಂದು ಇತ್ತು. ಸಂಜೆಯಾದರೆ ಜೀಪಿನ ಆದಂ ಕುಂಞಿ, ಹಾಲಿನ ಸೊಸೈಟಿಯ ಸೇವಂತಿ, ಬಸ್ಸು ತಪ್ಪಿದವರು, ಬಸ್ಸು ಬೇಡವಾದವರು, ಎಲ್ಲರೂ ಬಂದು ಅದರ ಮೇಲೆ ಕೂರುತ್ತಿದ್ದರು. ಮಳೆ ಯಾಕೆ ತಡವಾಯಿತು, ಮಂಗಗಳಿಗೆ ಯಾಕೆ ಈ ವರ್ಷ ಇಷ್ಟು ಧೈರ್ಯ, ಚಂದ್ರನ ಮೇಲೆ ಇಳಿದದ್ದು ಎಷ್ಟು ಕಷ್ಟ, ಎಲ್ಲಕ್ಕೂ ಮಹಾಲಿಂಗನಲ್ಲಿ ಉತ್ತರವಿತ್ತು. ಗೊತ್ತಿಲ್ಲ ಎಂಬ ಮಾತು ಆ ಜಗಲಿಯಲ್ಲಿ ಯಾರೂ ಕೇಳಿದ್ದಿಲ್ಲ. ಗೊತ್ತಿಲ್ಲದ ಸಂಗತಿಯನ್ನು ಅವನು ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದ, ಅಷ್ಟೇ ವ್ಯತ್ಯಾಸ.

ದೀಪಾವಳಿಯ ಹೊತ್ತಿಗೆ ಮೊಯ್ದೀನನ ಮಗ ಅಸ್ಕರ್ ಗಲ್ಫಿನಿಂದ ರಜೆಯಲ್ಲಿ ಬಂದ. ಅವನ ಹೆಂಡತಿ ಸಫೂರಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅವಳಿಗೆಂದು ಅವನು ತಂದದ್ದು ಬಂಗಾರವಲ್ಲ, ಒಂದು ಟೆಲಿಸ್ಕೋಪು. ಅವನು ರಜೆ ಮುಗಿಸಿ ಹೊರಟುಹೋದ, ಟೆಲಿಸ್ಕೋಪು ಟೆರೇಸಿನ ಮೇಲೆ ಉಳಿಯಿತು. ಮಹಾಲಿಂಗನ ಕೆಟ್ಟ ಕಾಲ ಶುರುವಾಯಿತು.

ಮೊದಲು ಹೋದವನು ಆದಂ ಕುಂಞಿ. ಸುಮ್ಮನೆ ಒಂದು ಸಲ ನೋಡಿ ಬರುತ್ತೇನೆಂದು ಬೆಂಚಿನಿಂದ ಎದ್ದವನು ವಾಪಸ್ ಬರಲಿಲ್ಲ. ಅವನು ಯಾಕೆ ಬರಲಿಲ್ಲವೆಂದು ನೋಡಲು ಸೇವಂತಿ ಹೋದಳು. ವಾರ ಕಳೆಯುವುದರೊಳಗೆ ಬೆಂಚಿನ ಮೇಲೆ ಉಳಿದದ್ದು ಮಹಾಲಿಂಗ ಮತ್ತು ಬಸ್ಸು ನಿಜವಾಗಿಯೂ ತಪ್ಪಿದ ಒಬ್ಬಿಬ್ಬರು. ಪಕ್ಕದ ಟೆರೇಸಿನಿಂದ ನಗು, ಮಾತು, ಮೊಯ್ದೀನನ ಹೆಂಡತಿ ಸಫಿಯಮ್ಮನ ಶರಬತ್ತಿನ ಲೋಟಗಳ ಸದ್ದು ಇಳಿದು ಬರುತ್ತಿತ್ತು.

ಮಹಾಲಿಂಗನಿಗೆ ಹೊಟ್ಟೆಕಿಚ್ಚಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮೊಯ್ದೀನ್ ಮನೆಗೆ ಟೈಲ್ಸ್ ಹಾಕಿಸಿದಾಗ ಅವನಿಗೆ ಏನೂ ಅನಿಸಿರಲಿಲ್ಲ, ಕಾರು ತಂದಾಗಲೂ ಅವನೇ ಹೋಗಿ ನಿಂಬೆಹಣ್ಣು ಇಟ್ಟುಕೊಟ್ಟಿದ್ದ. ಟೈಲ್ಸೂ ಕಾರೂ ಮೊಯ್ದೀನನವು. ಆದರೆ ಈ ಜನ ತನ್ನವರು. ಅವರನ್ನು ತಾನು ವರ್ಷಗಟ್ಟಲೆ ಕೂರಿಸಿ, ಚಹಾ ಕೊಟ್ಟು, ತಪ್ಪು ಉತ್ತರಗಳಿಂದ ಸಾಕಿದವನು.

ಹೆಂಡತಿ ಸತ್ಯವತಿಯೂ ಒಂದು ಸಂಜೆ ಕದ್ದು ಹೋಗಿ ಶನಿಗ್ರಹ ನೋಡಿಕೊಂಡು ಬಂದಳು. ಉಂಗುರ ಭಾರೀ ಚಂದ ಉಂಟು ಎಂದಳು. ಶನಿಯನ್ನು ಹುಡುಕಿಕೊಂಡು ಹೋಗಿ ನೋಡಿದವರಿಗೆ ಏಳೂವರೆ ವರ್ಷ ತಪ್ಪಿದ್ದಲ್ಲ ಎಂದು ಮಹಾಲಿಂಗ ಮರುದಿನ ಜಂಕ್ಷನ್ನಿನಲ್ಲಿ ಸುದ್ದಿ ಹಬ್ಬಿಸಿದ. ಅದರಿಂದಾದ ಪರಿಣಾಮವೆಂದರೆ ಅಷ್ಟರವರೆಗೆ ಟೆಲಿಸ್ಕೋಪಿನ ಸಂಗತಿಯೇ ತಿಳಿಯದಿದ್ದ ಜನರಿಗೂ ಅದು ತಿಳಿದು, ಆ ಸಂಜೆ ಟೆರೇಸಿನ ಮೆಟ್ಟಿಲಲ್ಲಿ ಕ್ಯೂ ನಿಂತಿತು.

ಕೊನೆಗೆ ಅವನೇ ಹೋದ. ಸುಮ್ಮನೆ ಹೋಗಲಾದೀತೇ? ಕಾಂಪೌಂಡು ದಾಟಿದ ಕಾಳುಮೆಣಸಿನ ಬಳ್ಳಿಯ ಬಗ್ಗೆ ಮಾತಾಡಲಿಕ್ಕೆ ಉಂಟು ಎಂಬ ನೆಪ ಹಿಡಿದುಕೊಂಡು ಹೋದ. ಮೊಯ್ದೀನ್ ಬಳ್ಳಿಯ ವಿಷಯ ಕೇಳುವ ಮೊದಲೇ ಕುರ್ಚಿ ಹಾಕಿದ. ಸಫಿಯಮ್ಮ ಕಾಮಕಸ್ತೂರಿ ಬೀಜ ಹಾಕಿದ ಶರಬತ್ತು ಕಳಿಸಿದಳು. ಶರಬತ್ತು ರುಚಿಯಾಗಿತ್ತು. ಅದಕ್ಕೂ ಮಹಾಲಿಂಗನಿಗೆ ಬೇಸರವಾಯಿತು.

ಸಫೂರಾ ಟೆಲಿಸ್ಕೋಪನ್ನು ನೆತ್ತಿಯ ಕಡೆಗೆ ತಿರುಗಿಸಿ ಅವನನ್ನು ಕರೆದಳು. ಒಂದು ಕಣ್ಣು ಮುಚ್ಚಿ ನೋಡಿದರೆ ಕಂಡದ್ದು ಕನ್ನಡಕಕ್ಕೆ ಬೆರಳು ತಾಗಿದ ಹಾಗೆ ಒಂದು ಮಸುಕು ಗುರುತು. ಅದರ ಹೆಸರು ಆಂಡ್ರೊಮಿಡಾ, ನಕ್ಷತ್ರ ಅಲ್ಲ, ಕೋಟಿ ಕೋಟಿ ನಕ್ಷತ್ರಗಳ ಗ್ಯಾಲಕ್ಸಿ ಎಂದು ಅವಳು ವಿವರಿಸಿದಳು. ಗ್ಯಾಲಕ್ಸಿಗಳಲ್ಲಿಯೂ ಜಾತಿಗಳುಂಟಂತೆ. ಸುರುಳಿಯಾಗಿ ತೋಳು ಚಾಚಿಕೊಂಡವು ಕೆಲವು, ಮೊಟ್ಟೆಯ ಹಾಗೆ ಉರುಟಾಗಿ ಕೂತವು ಕೆಲವು, ಇಂಥದ್ದೇ ಎಂದು ಹೇಳಲಾಗದ ಆಕಾರವಿಲ್ಲದವು ಇನ್ನು ಕೆಲವು. ನಮ್ಮದು ಸುರುಳಿ, ನಡುವೆ ಒಂದು ಅಡ್ಡಪಟ್ಟಿ, ಹೆಸರು ಆಕಾಶಗಂಗೆ. ಇಷ್ಟನ್ನು ಮಹಾಲಿಂಗ ಸಹಿಸಿಕೊಂಡ. ಎರಡರಲ್ಲಿ ದೊಡ್ಡದು ಯಾವುದು ಎಂದು ಆದಂ ಕುಂಞಿ ಕೇಳಿದ. ಆಂಡ್ರೊಮಿಡಾ ನಮ್ಮದಕ್ಕಿಂತ ದೊಡ್ಡದು, ನಮ್ಮ ಕಡೆಗೇ ಬರುತ್ತಾ ಉಂಟು ಎಂದಳು ಸಫೂರಾ. ಪಕ್ಕದ ಮನೆಯೇ ದೊಡ್ಡದಾಗುವ ಅನ್ಯಾಯ ಆಕಾಶದಲ್ಲಿಯೂ ಇದೆಯೆಂದು ಮಹಾಲಿಂಗನಿಗೆ ಆಗ ತಿಳಿಯಿತು.

"ಅದೆಲ್ಲ ಇರ್ಲಿ," ಎಂದ ಅವನು. "ನಮ್ಮ ಆಕಾಶಗಂಗೆಯಲ್ಲಿ ನಾವು ಎಲ್ಲಿ ಇರುದು?"

"ನಡುವಿಂದ ಅಂಚಿಗೆ ಹೋಗುವ ದಾರಿಯಲ್ಲಿ ಅರ್ಧದಷ್ಟು ದೂರ. ದೊಡ್ಡ ತೋಳಲ್ಲಿಯೂ ಅಲ್ಲ ಮಹಾಲಿಂಗಣ್ಣ, ಒಂದು ಸಣ್ಣ ಕವಲು. ನಮ್ಮ ಕಬಕದ ಹಾಗೆ. ಪುತ್ತೂರೂ ಅಲ್ಲ, ವಿಟ್ಲವೂ ಅಲ್ಲ."

ಟೆರೇಸಿನಲ್ಲಿದ್ದವರೆಲ್ಲ ನಕ್ಕರು. ಮೆಚ್ಚಿ ನಕ್ಕದ್ದು. ಆದರೆ ಮಹಾಲಿಂಗನಿಗೆ ಅದು ತನ್ನ ಮೇಲೆಯೇ ಬಿದ್ದ ಮಾತಾಗಿ ಕೇಳಿತು. ಅವನ ಅಜ್ಜ ಸುಧರಿಕೆಯ ಮನುಷ್ಯ. ಅಂದರೆ ಊರಿನ ಮದುವೆ, ಮುಂಜಿಗಳಲ್ಲಿ ಯಾರು ಯಾವ ಎಲೆಗೆ ಕೂರಬೇಕು, ಬಡಿಸುವುದು ಎಲ್ಲಿಂದ ಶುರು ಎಂದು ನೋಡಿಕೊಳ್ಳುತ್ತಿದ್ದವನು. ಅಂಥ ಮನೆಯವನ ಎದುರಿನಲ್ಲಿ ಸೂರ್ಯನನ್ನೇ ಪಂಕ್ತಿಯ ನಡುವಿಂದ ಎಬ್ಬಿಸಿ ಬದಿಗೆ ಕೂರಿಸುವುದೆಂದರೇನು. ಮನೆಗೆ ಬಂದವನೇ ಮೊಬೈಲಿನಲ್ಲಿ ಗ್ಯಾಲಕ್ಸಿಯ ಚಿತ್ರಗಳನ್ನು ತೆಗೆದು ನೋಡಿದ. ಎಲ್ಲದರಲ್ಲಿಯೂ ನಡುವೆ ಝಗ್ಗೆಂದು ಬೆಳಕು, ಸುತ್ತ ಸುರುಳಿ. ನಡುವೆ ಉರಿಯುವುದು ಸೂರ್ಯನಲ್ಲದೆ ಮತ್ತೇನು? ಸೂರ್ಯ ನಡುವೆ, ಸುತ್ತ ಗ್ರಹಗಳು ಎಂದು ಶಾಲೆಯಲ್ಲಿಯೂ ಕಲಿಸಿದ್ದರಲ್ಲ. ಟೀಚರಿಗೇ ತಪ್ಪಿದೆಯೆಂದು ಅವನಿಗೆ ಖಚಿತವಾಯಿತು. ಎಷ್ಟೋ ದಿನಗಳ ನಂತರ ಅವನಿಗೆ ಊಟ ರುಚಿಸಿತು.

ಉಪಾಯವೂ ಊಟದ ಜೊತೆಯಲ್ಲಿಯೇ ಹೊಳೆಯಿತು. ಕೊಳವೆಯೊಳಗೆ ಇಣುಕಿ ಮಸುಕು ನೋಡುವುದು ಎಂಥ ವೈಭವ? ತನ್ನ ಅಂಗಳದ ನಟ್ಟ ನಡುವೆ ತುಳಸಿಕಟ್ಟೆ ಇದೆ. ಅದರಲ್ಲಿ ದೀಪ ಹಚ್ಚಿದರೆ ಸೂರ್ಯ. ಸುತ್ತ ಅಂಗಳ ತುಂಬ ಬಣ್ಣದ ಹುಡಿಯಲ್ಲಿ ಸುರುಳಿ ಬರೆದರೆ ಆಕಾಶಗಂಗೆ. ಊರವರೆಲ್ಲ ಒಟ್ಟಿಗೆ ನಿಂತು ಎರಡು ಕಣ್ಣಲ್ಲಿಯೂ ನೋಡಬಹುದು. ಆದಂ ಕುಂಞಿ ಸಿಕ್ಕಿದಾಗ ಇಷ್ಟೇ ಹೇಳಿದ: "ಆದಿತ್ಯವಾರ ಸಂಜೆ ನಮ್ಮ ಅಂಗಳಕ್ಕೆ ಬಾ. ಎಂತ ಅಂತ ಆಗ ಗೊತ್ತಾಗ್ತದೆ."

ಗುಟ್ಟು ಮೊದಲೇ ಒಡೆದರೆ ಸಫೂರಾ ಎಲ್ಲಿಯಾದರೂ ಅದಕ್ಕಿಂತ ದೊಡ್ಡದು ಬರೆದಾಳು ಎಂಬ ಭಯಕ್ಕೆ ಹೆಂಡತಿಗೂ ಹೇಳಲಿಲ್ಲ. ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಬಣ್ಣ ತರಲು ಪುತ್ತೂರಿಗೆ ಹೋಗಿ ಪೂಜಾಸಾಮಾನಿನ ಅಂಗಡಿಯೊಂದನ್ನು ಹೊಕ್ಕ. ಅಂಗಳ ತುಂಬ ಬರೆಯಲಿಕ್ಕೆ ಬಿಳಿ ಹುಡಿ, ಅರಸಿನ, ಕೆಂಪು, ಕಪ್ಪು, ಎಲ್ಲ ಮೂಟೆಗಟ್ಟಲೆ ಬೇಕೆಂದ. ಅಂಗಡಿಯವನು ತಲೆಯೆತ್ತಿ ನೋಡಿದ. ಹಸಿರು ಬೇಡವಾ, ಐದೂ ಆಗಬೇಕಲ್ಲ ಎಂದ. ಗ್ಯಾಲಕ್ಸಿಯಲ್ಲಿ ಹಸಿರು ಇದೆಯೋ ಇಲ್ಲವೋ ಮಹಾಲಿಂಗನಿಗೆ ತಿಳಿಯದು, ತಿಳಿಯದೆಂದು ಹೇಳುವ ಅಭ್ಯಾಸವೂ ಇಲ್ಲ. ಬೇಕು ಬೇಕು, ಐದೂ ಬೇಕು ಎಂದ. ಅಲ್ಲಿಂದ ಮುಂದೆ ಅಂಗಡಿಯವನ ದನಿ ಮೆತ್ತಗಾಯಿತು. ಚೌಕಾಸಿಗೆ ನಿಲ್ಲಲಿಲ್ಲ, ಮೇಲಿಂದ ಒಂದು ಕಟ್ಟು ಕರ್ಪೂರವನ್ನೂ ಇಟ್ಟು ಕೈಮುಗಿದು ಕಳಿಸಿದ.

ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಸೇವಂತಿ. ಚೀಲದ ಬಾಯಿ ಬಿಚ್ಚಿತ್ತು. ಐದು ಬಣ್ಣದ ಹುಡಿ, ಅದೂ ಇಷ್ಟೊಂದು, ನಮ್ಮ ಕಡೆಯವರು ಒಂದೇ ಕೆಲಸಕ್ಕೆ ತರುವುದು: ನಾಗನ ಮಂಡಲ ಬರೆಸಲಿಕ್ಕೆ. ಎಷ್ಟು ದೊಡ್ಡದು ಎಂದು ಅವಳು ಮೆಲ್ಲಗೆ ಕೇಳಿದಳು. ಅಂಗಳ ತುಂಬ ಎಂದ ಮಹಾಲಿಂಗ. ಯಾಕೆ ಇಷ್ಟು ಗಡಿಬಿಡಿಯಲ್ಲಿ ಎಂದಳು. ಇನ್ನು ತಡಮಾಡಿದರೆ ನಮ್ಮ ಮನೆಗೆ ಉಳಿಗಾಲವಿಲ್ಲ ಎಂದ ಅವನು, ಬೆಂಚನ್ನು ನೆನೆದುಕೊಂಡು. ಸೇವಂತಿ ಮತ್ತೆ ಒಂದು ಮಾತೂ ಆಡಲಿಲ್ಲ. ಬಸ್ಸಿಳಿದ ಮೇಲೆ ಮಾತ್ರ ಆಡಿದಳು, ಎಲ್ಲರ ಹತ್ತಿರ.

ಸಂಜೆಯೊಳಗೆ ಸುದ್ದಿ ಪೂರ್ತಿ ಬೆಳೆದಿತ್ತು. ಮಹಾಲಿಂಗಣ್ಣ ಅಂಗಡಿಯಲ್ಲಿ ಪಂಪಿನ ಮುಚ್ಚಳ ಬಿಚ್ಚುವಾಗ ಒಳಗೆ ಸರ್ಪ ಸುರುಳಿ ಸುತ್ತಿತ್ತಂತೆ. ಹೆಡೆಯೆತ್ತಿ ನೋಡಿತಂತೆ. ಇದು ಸತ್ಯವತಿಯ ಕಿವಿಗೂ ಬಿತ್ತು. ಅವಳು ಗಂಡನ ಮುಖ ನೋಡಿದಳು. ಹೌದು, ತಿಂಗಳಿನಿಂದ ಮುಖ ಕಪ್ಪಿಟ್ಟಿದೆ, ಊಟ ಸೇರುವುದಿಲ್ಲ, ಸಂಜೆ ಒಬ್ಬನೇ ಬೆಂಚಿನಲ್ಲಿ ಕೂತು ಪಕ್ಕದ ಮನೆ ನೋಡುತ್ತಾನೆ. ಎಂತ ಆಯ್ತು, ನನ್ನ ಹತ್ತಿರವೂ ಹೇಳುದಿಲ್ವಾ ಎಂದು ಕೇಳಿದಳು. ಆದಿತ್ಯವಾರ ಗೊತ್ತಾಗ್ತದೆ ಎಂದನವನು. ನಾಗನ ವಿಷಯ ಬಾಯಿಗೆ ಬಂದ ಹಾಗೆ ಮಾತಾಡಬಾರದು, ಗಂಡನಿಗೆ ಅಷ್ಟಾದರೂ ಭಯಭಕ್ತಿ ಉಂಟಲ್ಲ ಎಂದು ಅವಳಿಗೆ ಕಣ್ಣು ತುಂಬಿತು. ಅಡುಗೆಮನೆಯಿಂದ ನೀರುಳ್ಳಿ ಬೆಳ್ಳುಳ್ಳಿ ಹೊರಗೆ ಹೋಯಿತು. ಮನೆ ತೊಳೆದದ್ದಾಯಿತು. ಕಡಬದ ತವರುಮನೆಗೆ ಫೋನೂ ಆಯಿತು. ಊಟಕ್ಕೆ ಕೂತಾಗ, ಈ ಸಾರಿಗೆ ಉಪ್ಪಲ್ಲದೆ ಬೇರೇನೂ ಇಲ್ಲವಲ್ಲ ಎಂದು ಮಹಾಲಿಂಗ ಯೋಚಿಸಿದ, ಆದರೆ ಅವನ ತಲೆಯ ತುಂಬ ಸುರುಳಿಗಳಿದ್ದವು.

ಶನಿವಾರ ಬೆಳಿಗ್ಗೆ ಒಣಗಲು ಹರಡಿದ್ದ ಅಡಿಕೆಯನ್ನೆಲ್ಲ ಅವನು ಬದಿಗೆ ರಾಶಿ ಹಾಕಿದ. ಅಂಗಳ ಸಾರಿಸಿದ್ದು ಸತ್ಯವತಿ, ಕೇಳದೆಯೇ. ಹೆಂಡತಿ ಇಷ್ಟು ಸಹಕರಿಸಿದ್ದು ಮದುವೆಯಾದ ಮೇಲೆ ಇದೇ ಮೊದಲು. ಗೂಟಕ್ಕೆ ಹಗ್ಗ ಕಟ್ಟಿ, ಬಗ್ಗಿ ಬಗ್ಗಿ, ತುಳಸಿಕಟ್ಟೆಯಿಂದ ಹೊರಟ ತೋಳುಗಳನ್ನು ಅವನು ಎಳೆಯತೊಡಗಿದ. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ಚಪ್ಪಲಿ ಕಳಚಿ ನಿಂತು ನೋಡಿದರು, ಕೈಮುಗಿದು ಹೋದರು. ವಿಜ್ಞಾನಕ್ಕೆ ಕಬಕದಲ್ಲಿ ಇಷ್ಟು ಗೌರವ ಇದೆಯೆಂದು ಮಹಾಲಿಂಗ ಊಹಿಸಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು.

ಮಧ್ಯಾಹ್ನ ಸೇವಂತಿ ಒಂದು ಗೊನೆ ಬೊಂಡವನ್ನೂ, ಆಗ ತಾನೇ ತೆಗೆದ ಹಿಂಗಾರವನ್ನೂ ತಂದು ಅಂಗಳದ ಬದಿಯಲ್ಲಿಟ್ಟಳು. ಅಡಿಕೆಯ ಹೂವಿನ ಆ ಗೊಂಚಲು ನಾಗನಿಗೆ ಪ್ರೀತಿ, ಬೊಂಡದ ಎಳನೀರೂ ಹಾಗೆಯೇ. ಬಿಸಿಲಲ್ಲಿ ಬಗ್ಗಿ ಸೊಂಟ ಹಿಡಿದಿದ್ದ ಮಹಾಲಿಂಗನಿಗೆ ಇದು ತನ್ನ ಬಾಯಾರಿಕೆ ನೋಡಿ ತಂದದ್ದಾಗಿ ಕಂಡಿತು. ಕತ್ತಿ ತೆಗೆದು ಕೆತ್ತಿ, ನಿಂತಲ್ಲಿಯೇ ಎರಡು ಬೊಂಡ ಕುಡಿದ. ಬೆವರಿದ ಮುಖವನ್ನು ಒರೆಸಲು ಬೇರೇನೂ ಸಿಗದೆ ಹಿಂಗಾರದಿಂದಲೇ ಒರೆಸಿಕೊಂಡ. ಹೂವಿನ ಹುಡಿ ಮುಖವೆಲ್ಲ ಅಂಟಿತು. ತೃಪ್ತಿಯಿಂದ ಒಂದು ಸಲ ಜೋರಾಗಿ ತೇಗಿದ. ನಾಗ ಮೈಮೇಲೆ ಬಂದವನು ಮಾಡುವುದೂ ಇದನ್ನೆಲ್ಲ. ಸೇವಂತಿ ಹಿಂದೆ ಹಿಂದೆ ಹೆಜ್ಜೆಯಿಟ್ಟು ಗೇಟಿನವರೆಗೆ ಹೋಗಿ, ಅಲ್ಲಿಂದ ಓಡಿದಳು. ಮಂಡಲ ಮುಗಿಯುವ ಮೊದಲೇ ಮಹಾಲಿಂಗಣ್ಣನ ಮೈಮೇಲೆ ಬಂದಿದೆ ಎಂಬ ಸುದ್ದಿ ಜಂಕ್ಷನ್ನಿನಿಂದ ಪುತ್ತೂರಿನ ಬಸ್ಸನ್ನೂ ವಿಟ್ಲದ ಬಸ್ಸನ್ನೂ ಒಟ್ಟಿಗೇ ಹತ್ತಿತು.

ಆ ಸಂಜೆಗೆ ಮಹಾಲಿಂಗನ ತಂಗಿಯ ಗಂಡ ವಿಷ್ಣುಪ್ರಸಾದ್ ಸುಳ್ಯದ ಕಡೆಯ ಕಲ್ಲುಗುಂಡಿಯಿಂದ ಬಂದಿಳಿದ. ಕಾಲು ತೊಳೆಯಲು ಕೊಟ್ಟ ನೀರನ್ನು ಮುಟ್ಟಲಿಲ್ಲ.

"ನಾನು ಬರುದಿಲ್ಲ ಅಂತ ಹೇಳ್ಲಿಕ್ಕೆ ಬಂದದ್ದು," ಎಂದ.

ಮಹಾಲಿಂಗನಿಗೆ ಅರ್ಥವಾಗಲಿಲ್ಲ. ವಿಷ್ಣುಪ್ರಸಾದ್ ಅರ್ಥಮಾಡಿಸಿದ. ನಮ್ಮಲ್ಲಿ ಹೇಳಿಕೆ ಅಂತ ಒಂದು ಉಂಟು. ಕಾರ್ಯಕ್ರಮ ಇರುವವನು ಮನೆಗೆ ಬಂದು, ಮೆಟ್ಟಿಲು ಹತ್ತಿ, ಇಂಥ ದಿನ ಇಂಥದ್ದು, ಮನೆಯವರೆಲ್ಲ ಬರಬೇಕು ಎಂದು ಬಾಯಲ್ಲಿ ಹೇಳಬೇಕು. ಕಾಗದ ಬೇಡ, ಫೋನು ಸಲ್ಲ. ಎಲ್ಲರೂ ಎಂದು ಹೇಳಲು ಮರೆತರೆ ಒಬ್ಬನೇ ಹೋಗುವುದು, ಹೇಳಿಕೆಯೇ ಇಲ್ಲದಿದ್ದರೆ ಪಕ್ಕದ ಮನೆಯವನೂ ಹೋಗುವ ಹಾಗಿಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಮನೆಯ ಅಳಿಯನಿಗೆ ಹೇಳಿಕೆ ಇಲ್ಲವೆಂದರೆ ಸುಳ್ಯದಲ್ಲಿ ತಾನು ಮುಖವೆತ್ತಿ ನಡೆಯುವುದು ಹೇಗೆ? ತನ್ನ ಗ್ಯಾಲಕ್ಸಿಯ ಕೀರ್ತಿ ಕಲ್ಲುಗುಂಡಿಗೂ ಮುಟ್ಟಿದೆಯೆಂದು ಮಹಾಲಿಂಗನಿಗೆ ಒಳಗೊಳಗೇ ಹಿಗ್ಗಾಯಿತು. ಅಲ್ಲಿಯೇ ನಿಂತು, ಮನೆಯವರೆಲ್ಲ ಬರಬೇಕು ಎಂದು ಹೇಳಿಕೆ ಹೇಳಿದ. ವಿಷ್ಣುಪ್ರಸಾದ್ ಆಗ ಕಾಲು ತೊಳೆದ.

"ಬರೆಯುದು ಯಾರು?" ಎಂದು ಕೇಳಿದ, ಅಂಗಳ ನೋಡುತ್ತಾ.

"ನಾನೇ."

"ನೀವೇ? ವಿಧಾನ ಎಲ್ಲ ಯಾರ ಹತ್ತಿರ ಕೇಳಿದ್ದು?"

"ಮೊಯ್ದೀನನ ಸೊಸೆ ಸ್ವಲ್ಪ ಹೇಳಿದ್ಲು. ಆದ್ರೆ ಅವಳು ಹೇಳಿದ್ದು ತಪ್ಪು. ಮೊಬೈಲಿನಲ್ಲಿ ನೋಡಿ ಸರಿಮಾಡಿದೆ."

ವಿಷ್ಣುಪ್ರಸಾದ್ ಮೆಲ್ಲಗೆ ಹಲಸಿನ ಬೆಂಚಿನ ಮೇಲೆ ಕೂತ. ಭಾವನಿಗೆ ಪೂರ್ತಿಯಾಗಿಯೇ ಮೈಮೇಲೆ ಬಂದಿದೆ ಎಂದು ಅವನಿಗೂ ಅನಿಸಿತು.

ಆದಿತ್ಯವಾರ ಮೂರು ಗಂಟೆಗೇ ದಾರಿಯ ಎರಡೂ ಬದಿಯಲ್ಲಿ ವಾಹನ ನಿಂತಿತು. ಬೆಟ್ಟಂಪಾಡಿಯಿಂದ ಜನ, ಕಡಬದಿಂದ ಸತ್ಯವತಿಯ ತವರಿನ ಜೀಪು, ಸುಳ್ಯದಿಂದ ವಿಷ್ಣುಪ್ರಸಾದನ ಪೈಕಿ ಎರಡು ವ್ಯಾನು. ಬಂದವರೆಲ್ಲರ ಕೈಯಲ್ಲಿ ಹಾಲು, ಬೊಂಡ, ಹಿಂಗಾರ. ದೇವರ ಕೆಲಸಕ್ಕೆ ಹೇಳಿಕೆ ಕಾಯುವುದು ಬೇಡವೆಂದು ಅವರವರೇ ತೀರ್ಮಾನ ಮಾಡಿಕೊಂಡಿದ್ದರು. ಪಂಚಾಯತಿನ ಅಧಿಕಾರಿ ಚೈತನ್ಯಾ ಸ್ಕೂಟರಿನಲ್ಲಿ ಬಂದು, ಇಷ್ಟು ಜನ ಸೇರಿಸುವುದಾದರೆ ಅನುಮತಿ ಎಲ್ಲಿ, ಕುಡಿಯುವ ನೀರು ಎಲ್ಲಿ ಎಂದು ಕೇಳಿದಳು. ನೀರಿಗೆ ಬೇಕಾದಷ್ಟು ಬೊಂಡ ಉಂಟು ಎಂದ ಮಹಾಲಿಂಗ. ಅವಳಿಗೂ ಒಂದು ಕೆತ್ತಿಕೊಟ್ಟ.

ಜಗಲಿ ತುಂಬಿತು. ಬೆಂಚಿನಲ್ಲಿ ಒಬ್ಬರ ಮೇಲೆ ಒಬ್ಬರು. ಆದಂ ಕುಂಞಿ ಕಂಬಕ್ಕೆ ಒರಗಿ ನಿಂತಿದ್ದ, ಕೂರಲು ಜಾಗವಿಲ್ಲದೆ. ಮಹಾಲಿಂಗ ಕತ್ತೆತ್ತಿ ಮೊಯ್ದೀನನ ಟೆರೇಸನ್ನು ನೋಡಿದ. ಒಂದು ನರಪಿಳ್ಳೆಯೂ ಇರಲಿಲ್ಲ. ಟೆಲಿಸ್ಕೋಪು ಒಂಟಿಯಾಗಿ ಆಕಾಶ ನೋಡುತ್ತಿತ್ತು. ಅಂಥ ಸುಖ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಹೊತ್ತು ಮುಳುಗಿತು. ತುಳಸಿಕಟ್ಟೆಯ ದೀಪವನ್ನು ಸತ್ಯವತಿಯೇ ಹಚ್ಚಿದಳು. ಐದು ಬಣ್ಣದ ಸುರುಳಿ ಆ ಬೆಳಕಿನಲ್ಲಿ ನಿಜವಾಗಿಯೂ ಚಂದ ಕಾಣುತ್ತಿತ್ತು. ಜನ ಕೈಮುಗಿದು ನಿಂತರು. ಮಹಾಲಿಂಗ ಗಂಟಲು ಸರಿಮಾಡಿಕೊಂಡ.

"ಇದು ನಮ್ಮ ಆಕಾಶಗಂಗೆ," ಎಂದ. "ಸುರುಳಿ ಜಾತಿಯ ಗ್ಯಾಲಕ್ಸಿ. ನಡುವೆ ಇರುದು ಸೂರ್ಯ."

ಕಡಬದಿಂದ ಬಂದ ಒಬ್ಬ ಮುದುಕಿ, ನಾಗ ಎಲ್ಲಿ ಎಂದು ಕೇಳಿದಳು.

"ಯಾವ ನಾಗ?" ಎಂದ ಮಹಾಲಿಂಗ.

ಸತ್ಯವತಿ ದೀಪದ ಹತ್ತಿರದಿಂದ ತಿರುಗಿದಳು. "ಹಾಗಾದ್ರೆ ನೀವು ಪಂಪಿನಲ್ಲಿ ಸರ್ಪ ನೋಡಿದ್ದು?"

"ನಾನು ಯಾವಾಗ ಸರ್ಪ ನೋಡಿದೆ?"

ಆಮೇಲೆ ಅಂಗಳದಲ್ಲಿ ಎದ್ದ ಗುಸುಗುಸು ನಾಲ್ಕೂ ದಿಕ್ಕಿಗೆ ಹರಿದು ಕೊನೆಗೆ ಸೇವಂತಿಯ ಮೇಲೆ ನಿಂತಿತು. ಅವಳು, ತಾನು ಬಣ್ಣ ನೋಡಿದ್ದು ಮಾತ್ರ ಹೌದು, ಸರ್ಪವನ್ನು ಹಾಕಿದ್ದು ಬೇರೆ ಯಾರೋ ಎಂದಳು. ಕೆಲಸ ಬಿಟ್ಟು ಬಂದವರಿದ್ದರು, ಉಪವಾಸ ಬಂದವರಿದ್ದರು. ಸುಳ್ಯದ ವ್ಯಾನುಗಳ ಕಡೆಯಿಂದ ದನಿ ಏರಿತು. ನಿನ್ನೆ ಹೇಳಿಕೆ ಹೇಳುವಾಗ ಯಾವ ಕಾರ್ಯಕ್ರಮವೆಂದು ಹೇಳಲೇ ಇಲ್ಲ, ಅದು ಹೇಳಿಕೆಯೇ ಅಲ್ಲ ಎಂದು ವಿಷ್ಣುಪ್ರಸಾದ್ ಕಾನೂನು ತೆಗೆದ. ಚೈತನ್ಯಾ ತುಂಬ ಯೋಚಿಸಿ, ನಾಗಮಂಡಲಕ್ಕಾದರೆ ಅನುಮತಿ ಬೇಕು, ಗ್ಯಾಲಕ್ಸಿಗೆ ಬೇಕೆಂದು ಎಲ್ಲಿಯೂ ಬರೆದಿಲ್ಲ ಎಂದು ತೀರ್ಪು ಕೊಟ್ಟಳು. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ಮಹಾಲಿಂಗ ಬೆಂಚಿನ ಕಡೆಗೆ ನೋಡಿದ. ಈ ಜನ ಸಿಟ್ಟಲ್ಲಿ ಎದ್ದು ಹೋದರೆ ಮತ್ತೆ ಈ ಜಗಲಿಯನ್ನು ಯಾರೂ ಹತ್ತಲಾರರು. ಬೆಂಚು ಒಲೆಗೆ ಹಾಕುವುದೇ ಸರಿ. ಅವನು ಗಟ್ಟಿಯಾಗಿ ವಿವರಿಸತೊಡಗಿದ. ಗಟ್ಟಿಯಾದಷ್ಟೂ ಪ್ರಶ್ನೆಗಳು ಬಂದವು. ಅದೇ ಮುದುಕಿ ಬಿಡಲಿಲ್ಲ. ಸೂರ್ಯ ನಡುವೆ ಇದ್ದರೆ ರಾತ್ರಿ ಆಕಾಶದಲ್ಲಿ ಅಡ್ಡ ಕಾಣುವ ಆ ಬಿಳಿಪಟ್ಟಿ ಯಾಕೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಎಂದಳು. ಮಹಾಲಿಂಗ ಬಾಯಿ ತೆರೆದ. ಏನೂ ಬರಲಿಲ್ಲ. ಆದಂ ಕುಂಞಿ ಕಂಬ ಬಿಟ್ಟು ನೆಟ್ಟಗೆ ನಿಂತ, ಅವನು ಇಂಥದ್ದು ನೋಡಿದ್ದೇ ಇಲ್ಲ.

ಮಹಾಲಿಂಗನ ಕಣ್ಣು ತಾನಾಗಿಯೇ ಕಾಂಪೌಂಡಿನ ಕಡೆಗೆ ಹೋಯಿತು. ಆಚೆಯ ಬದಿಯಲ್ಲಿ ಮೊಯ್ದೀನ್, ಸಫಿಯಮ್ಮ, ಸಫೂರಾ ಮೂವರೂ ಗೋಡೆಯ ಮೇಲಿಂದ ಅಂಗಳವನ್ನೇ ನೋಡುತ್ತಾ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಎಂತ ಅಲ್ಲಿ ನಿಂತದ್ದು, ಬರುದಲ್ವಾ?" ಎಂದ ಮಹಾಲಿಂಗ.

"ಹೇಳಿಕೆ ಇಲ್ದೆ ಹೇಗೆ ಬರುದು ಮಹಾಲಿಂಗಣ್ಣ," ಎಂದ ಮೊಯ್ದೀನ್.

ಚುಚ್ಚಿ ಹೇಳಿದ್ದಲ್ಲ, ರಿವಾಜು ಹೇಳಿದ್ದು. ಎರಡು ಮನೆಯ ನಡುವೆ ಅಜ್ಜಂದಿರ ಕಾಲದಿಂದ ಮದುವೆಗೂ ಹೇಳಿಕೆ, ಪ್ರವಾದಿಯ ಹೆಸರಿನ ಮೌಲೂದಿಗೂ ಹೇಳಿಕೆ. ತಪ್ಪಿದ್ದು ಈ ಒಂದು ಸಲ. ಯಾಕೆ ತಪ್ಪಿತೆಂದು ಮಹಾಲಿಂಗನೊಬ್ಬನಿಗೆ ಗೊತ್ತಿತ್ತು. ಊರಿಡೀ ಕರೆಯದೆ ಬಂದು ಅಂಗಳದಲ್ಲಿ ನಿಂತಿತ್ತು. ಕರೆಯಬೇಕಾಗಿದ್ದವನು ಮಾತ್ರ ಗೋಡೆಯಾಚೆ ಇದ್ದ.

ಎಲ್ಲರೂ ನೋಡುತ್ತಿದ್ದಂತೆ ಮಹಾಲಿಂಗ ಗೇಟು ದಾಟಿ, ದಾರಿಗಿಳಿದು, ಮೊಯ್ದೀನನ ಗೇಟು ತೆರೆದು, ಮೆಟ್ಟಿಲು ಹತ್ತಿದ. ಮುಖದಲ್ಲಿ ನಿನ್ನೆಯ ಹಿಂಗಾರದ ಹುಡಿ ಇನ್ನೂ ಇತ್ತು.

"ಇವತ್ತು ನಮ್ಮಲ್ಲಿ ಗ್ಯಾಲಕ್ಸಿ ಉಂಟು," ಎಂದ. "ಮನೆಯವರೆಲ್ಲ ಬರ್ಬೇಕು. ಸಫೂರಾ ಟೀಚರು ಮೊದ್ಲು ಬರ್ಬೇಕು."

ಸಫೂರಾ ಬಂದು ಅಂಗಳದ ಅಂಚಿನಲ್ಲಿ ನಿಂತು ತುಂಬ ಹೊತ್ತು ನೋಡಿದಳು. ತೋಳುಗಳು ಎಷ್ಟು ಸರಿಯಾಗಿ ತಿರುಗಿವೆ ಎಂದು ಹೊಗಳಿದಳು. ಮುದುಕಿಗೆ ಉತ್ತರ ಹೇಳಿದಳು: ನಾವು ನಡುವೆ ಇಲ್ಲ, ಅದಕ್ಕೇ ನಡುವಿನ ಕಡೆಗೆ ನೋಡಿದಾಗ ಪಟ್ಟಿ ದಪ್ಪ, ಹೊರಗೆ ನೋಡಿದಾಗ ತೆಳು. ಮುದುಕಿ ತೃಪ್ತಿಯಿಂದ ಕೂತಳು. ಅವಳು ಕೂತದ್ದು ನೋಡಿ ಉಳಿದವರೂ ಕೂತರು. ಆಮೇಲೆ ಸಫೂರಾ ಮೆಲ್ಲಗೆ, ಸೂರ್ಯನ ಜಾಗ ಮಾತ್ರ ಸ್ವಲ್ಪ ಬದಲಾಗಬೇಕು ಎಂದಳು. ಸತ್ಯವತಿ ಗಾಬರಿಯಾದಳು, ತುಳಸಿಕಟ್ಟೆಯನ್ನು ತೆಗೆಯುವುದು ಹೇಗೆ?

"ಕಟ್ಟೆ ತೆಗೆಯುದು ಬೇಡ ಸತ್ಯಕ್ಕ," ಎಂದಳು ಸಫೂರಾ. "ಸೂರ್ಯ ಅಲ್ಲಿಯೇ ಇರ್ಲಿ. ನಾವು ಗ್ಯಾಲಕ್ಸಿಯನ್ನು ಸರಿಸುವ."

ಅಂಗಳದ ದೂರದ ಮೂಲೆಯನ್ನು ಗ್ಯಾಲಕ್ಸಿಯ ಅಂಚೆಂದು ಇಟ್ಟುಕೊಂಡು, ಅಲ್ಲಿಂದ ತುಳಸಿಕಟ್ಟೆಗೆ ಎಷ್ಟೋ ಅಷ್ಟೇ ದೂರವನ್ನು ಅವಳು ಹಗ್ಗ ಹಿಡಿದು ತುಳಸಿಕಟ್ಟೆಯಿಂದ ಕಾಂಪೌಂಡಿನ ಕಡೆಗೆ ಅಳೆಯುತ್ತಾ ಹೊರಟಳು. ಅಂಗಳ ಮುಗಿಯಿತು, ಹಗ್ಗ ಮುಗಿಯಲಿಲ್ಲ. ಕಾಂಪೌಂಡಿನ ಮೇಲೆ ಹಾಯಿಸಿದಳು. ಹಗ್ಗದ ಕೊನೆ ಹೋಗಿ ಬಿದ್ದದ್ದು ಮೊಯ್ದೀನನ ಅಂಗಳದಲ್ಲಿ, ಅವನು ಸಂಜೆ ಕುರ್ಚಿ ಹಾಕಿ ಕೂರುವ ಜಾಗದಲ್ಲಿ. ಆಕಾಶಗಂಗೆಯ ನಡು ಅಲ್ಲಿ.

ಮೊಯ್ದೀನ್ ಕುರ್ಚಿ ತೆಗೆದು ಬದಿಗಿಟ್ಟ. "ಬನ್ನಿ ಬನ್ನಿ," ಎಂದ, "ಜಾಗ ಬೇಕಾದಷ್ಟು ಉಂಟು."

ಉಳಿದ ಹುಡಿಯೆಲ್ಲ ಆಚೆಗೆ ಹೋಯಿತು. ಹುಡಿಯ ಹಿಂದೆ ಜನ ಹೋದರು. ಸಫಿಯಮ್ಮನೂ ಸತ್ಯವತಿಯೂ ಎದುರುಬದುರು ಕೂತು ನಡುವಿನ ಅಡ್ಡಪಟ್ಟಿ ಬರೆದರು. ತಂದ ಹಾಲಿಗೆ ಪಾಯಸ ಮಾಡುವ ಏರ್ಪಾಟಾಯಿತು. ಸುಧರಿಕೆಗೆ ವಿಷ್ಣುಪ್ರಸಾದ್ ನಿಂತ, ಅದೂ ಮೊಯ್ದೀನನ ಅಂಗಳದಲ್ಲಿ. ಮಹಾಲಿಂಗನ ಅಂಗಳದಲ್ಲಿ ಉಳಿದದ್ದು ಸೂರ್ಯ, ಅಡಿಕೆಯ ರಾಶಿ, ಮತ್ತು ಅವನು. ಅಷ್ಟು ಬೇಗ ಖಾಲಿಯಾದ ಜಗಲಿಯನ್ನು ನೋಡಿ ಅವನ ಹೊಟ್ಟೆ ಮತ್ತೆ ಧಗಧಗ ಉರಿಯಿತು. ಬರೆದದ್ದು ತಾನು, ಸೊಂಟ ಹಿಡಿದದ್ದು ತನ್ನದು, ನಡು ಮಾತ್ರ ಮೊಯ್ದೀನನಿಗೆ.

ಗೋಡೆಯಾಚೆಯಿಂದ ಸಫೂರಾಳ ದನಿ ಕೇಳುತ್ತಿತ್ತು. ನಟ್ಟ ನಡುವೆ ಒಂದು ಕಪ್ಪು ಕುಳಿ ಇದೆ ಎಂದು ಹೇಳುತ್ತಾ ಅವಳು ಕಪ್ಪು ಹುಡಿಯನ್ನು ಸುರಿದಳು. ಮಹಾಲಿಂಗನ ಕಿವಿ ನೆಟ್ಟಗಾಯಿತು. ಕುಳಿ ಮೊಯ್ದೀನನ ಅಂಗಳದಲ್ಲಿ, ಸೂರ್ಯ ತನ್ನ ಅಂಗಳದಲ್ಲಿ. ಪಕ್ಕದ ಮನೆಯಲ್ಲಿ ಇರುವುದರಲ್ಲಿ ತನಗೆ ಬೇಡವಾದದ್ದೊಂದು ಮೊದಲ ಬಾರಿಗೆ ಸಿಕ್ಕಿತು. ಅವನು ಗೋಡೆಯ ಹತ್ತಿರ ಹೋಗಿ ಕತ್ತು ಚಾಚಿದ.

"ಅದು ಎಂತ ಮಾಡುದು?" ಎಂದು ಕೇಳಿದ.

"ತುಂಬ ಹತ್ತಿರ ಹೋದದ್ದನ್ನೆಲ್ಲ ಒಳಗೆ ಎಳ್ಕೊಳ್ತದೆ ಮಹಾಲಿಂಗಣ್ಣ. ಹೋದದ್ದು ಯಾವುದೂ ವಾಪಸ್ ಬರುದಿಲ್ಲ. ಬೆಳಕು ಸಹ ಬರುದಿಲ್ಲ."

ಮಹಾಲಿಂಗ ತಿರುಗಿ ತನ್ನ ಖಾಲಿ ಬೆಂಚನ್ನು ನೋಡಿದ. ಖಗೋಳಶಾಸ್ತ್ರದಲ್ಲಿ ಅವನಿಗೆ ಪೂರ್ತಿ ಅರ್ಥವಾದ ಸಂಗತಿ ಅದೊಂದೇ. ಎಂಥ ಅದೃಷ್ಟವಂತ ಈ ಮೊಯ್ದೀನ್, ಅಂಥದ್ದೊಂದು ತನ್ನ ಜಗಲಿಯಲ್ಲಿ ಇರಬಾರದಿತ್ತೇ ಎಂದು ಮರುಕ್ಷಣವೇ ಅನಿಸಿತು.

"ಹಾಗಾದ್ರೆ ಸೂರ್ಯ ಯಾಕೆ ಅದರೊಳಗೆ ಬೀಳ್ಲಿಲ್ಲ?"

"ಅವ ದೂರದಲ್ಲಿ ಸುತ್ತು ಬರ್ತಾ ಇದ್ದಾನಲ್ಲ. ಅಷ್ಟು ದೂರ ಇಟ್ಕೊಂಡ್ರೆ ಏನೂ ಆಗುದಿಲ್ಲ."

ಮರುದಿನ ಸಂಜೆ ಮಹಾಲಿಂಗ ಆದಂ ಕುಂಞಿಯನ್ನು ಕರೆದು, ಇಬ್ಬರೂ ಸೇರಿ ಹಲಸಿನ ಬೆಂಚನ್ನು ಹೊತ್ತು ದಾರಿಗಿಳಿದು ಮೊಯ್ದೀನನ ಅಂಗಳಕ್ಕೆ ತಂದರು. ಈಗ ಸಂಜೆಯ ಸಭೆ ಅಲ್ಲಿಯೇ. ಆಕಾಶದ ವಿಷಯ ಸಫೂರಾ ಹೇಳುತ್ತಾಳೆ, ಮಂಗ ಮತ್ತು ಮಳೆಯ ವಿಷಯ ಮಹಾಲಿಂಗ ಹೇಳುತ್ತಾನೆ. ಹೊಸಬರು ಬಂದರೆ, ಕೂರುವ ಮೊದಲೇ, ಬೆಂಚು ಯಾರದ್ದೆಂದು ಅವರಿಗೆ ತಿಳಿಸಲಾಗುತ್ತದೆ.

ಅವನು ಮಾತ್ರ ಬೆಂಚಿನ ತುತ್ತ ತುದಿಯಲ್ಲಿ, ಗೇಟಿಗೆ ತಾಗಿಕೊಂಡು ಕೂರುತ್ತಾನೆ. ಯಾಕೆ ಮಹಾಲಿಂಗಣ್ಣ, ಈಚೆ ಬಂದು ಕೂತುಕೊಳ್ಳುದಲ್ವಾ ಎಂದು ಮೊಯ್ದೀನ್ ದಿನಾ ಕರೆಯುತ್ತಾನೆ, ಕುರ್ಚಿ ತೋರಿಸುತ್ತಾನೆ, ಶರಬತ್ತು ಕಳಿಸುತ್ತಾನೆ.

"ಬೇಡ ಮಾರಾಯ," ಎನ್ನುತ್ತಾನೆ ಮಹಾಲಿಂಗ, ಲೋಟ ತೆಗೆದುಕೊಳ್ಳುತ್ತಾ. "ನನಗೆ ರಾತ್ರಿ ಊಟಕ್ಕೆ ಮನೆಗೆ ಹೋಗ್ಲಿಕ್ಕೆ ಉಂಟು."